ಬೈಲಕಡಿ ಅಂದ್ರ ಯಾವ ಕಡಿ?

ನಮ್ಮನ್ಯಾಗ ಸಂಡಾಸ ಇರೋದು ಅಡಗಿಮನಿಯಿಂದ ಎಣಿಸಿ ಹನ್ನೆರಡು ಹೆಜ್ಜಿ. ಆದ್ರೂ ನಮ್ಮ ಅತ್ತಿಯವರು ಮುಂಜಾನೆ ಚಹಾ ಕುಡದು, "ಬೈಲಕಡಿ ಹೋಗಿ ಬರ್ತೀನವಾ" ಅಂತ ಹೇಳೇ ಏಳ್ತಾರ. ನಾಕೂ ಗೋಡಿಗೆ ಟೈಲ್ಸ್ ಅದ, ಬಾಗಲಕ್ಕ ಚಿಲಕ ಅದ, ಮ್ಯಾಲೆ ಫ್ಯಾನು ತಿರಗತದ. ಅವರ ಪಾಲಿಗೆ ಅದು ಇನ್ನೂ ಬೈಲ. ನನ್ನ ಮಗಳು ಅದಕ್ಕ "ವಾಷ್‌ರೂಮ್" ಅಂತಾಳ. ನಡುವ ಇರೋ ನಾನು ಮನ್ಯಾಗ "ಸಂಡಾಸ" ಅಂತೀನಿ, ಬೀಗರ ಮನಿಗೆ ಹೋದ್ರ "ಬಾತ್‌ರೂಮ್ ಎಲ್ಲದ ರೀ?" ಅಂತ ಕೇಳ್ತೀನಿ. ಅವರು ಟಾವೆಲ್ಲು ಕೊಟ್ಟು ಸ್ನಾನದ ಮನಿ ತೋರಸ್ತಾರ.

ವಿಚಾರ ಮಾಡಿ ನೋಡ್ರಿ, ಇಷ್ಟು ಹೆಸರಿದ್ರೂ ಒಂದರಾಗೂ ಮಾಡೋ ಕೆಲಸದ ಹೆಸರಿಲ್ಲ. ಬೈಲಕಡಿ, ಹೊರಕಡಿ, ಹಿತ್ತಲಕಡಿ, ಎಲ್ಲಾ ಬರೇ ದಿಕ್ಕು. "ಚರಗಿ ತಗೊಂಡು ಹೋಗ್ಯಾರ" ಅಂದ್ರ ಬರೇ ಪಾತ್ರಿ. ಪುಸ್ತಕದವರು ಬರಿಯೋ "ಬಹಿರ್ದೆಸೆ" ಅಂದ್ರೂ ನಮ್ಮ ಹೊರಕಡೀನ, ಸಂಸ್ಕೃತದ ಸೀರಿ ಉಟ್ಟದ ಅಷ್ಟ. "ಶೌಚ" ಅಂದ್ರ ಶುದ್ಧಿ. ಅಂದ್ರ ಕೆಲಸದ ಹೆಸರು ಬಿಟ್ಟು, ಆಮ್ಯಾಲೆ ತೊಳಕೊಳ್ಳೂದರ ಹೆಸರು! ಸಾಲ್ಯಾಗಂತೂ ಲೆಕ್ಕದ ಮಾಸ್ತರು ಹೆಸರಿಟ್ಟಂಗ ಒಂದಕ್ಕ, ಎರಡಕ್ಕ. ಕಿರಿಬಳ್ಳು ಎತ್ತಿದ್ರ "ತಡಿ, ಗಂಟಿ ಹೊಡೀಲಿ" ಅಂತಿದ್ರು. ಎರಡು ಬಳ್ಳು ಎತ್ತಿದ್ರ ಹೆದರಿ ಲಗೂನ ಬಿಡ್ತಿದ್ರು. ಅದಕ್ಕ ಹುಣಸಿಕಾಯಿ ಆರಸೋ ದಿನಾ ನಾವೆಲ್ಲಾ ಹುಡುಗ್ಯಾರು ಎರಡ ಬಳ್ಳು ಎತ್ತೋರು.

ನಮ್ಮ ಶಬ್ದ ಸಾಲಲಿಲ್ಲ ಅಂತ ಹೊರಗಿಂದೂ ತಂದೀವಿ. "ಪಾಯಖಾನಿ" ಪಾರಸಿಯವರದು. ಮೈಸೂರ ಕಡಿಯವರ "ಕಕ್ಕಸು" ಡಚ್ಚರದು. ಮೆಣಸು, ಯಾಲಕ್ಕಿ ಒಯ್ಯಲಿಕ್ಕೆ ಹಡಗಿನ್ಯಾಗ ಬಂದವರು ಇದನ್ನ ಬಿಟ್ಟು ಹೋದ್ರು. ಆ ಶಬ್ದದ ಕಡೀ ಅರ್ಧಕ್ಕ ಅವರ ಮಾತಿನ್ಯಾಗ ಮನಿ ಅಂತ ಅರ್ಥ. ಮೊದಲಿನ ಅರ್ಧದ ಅರ್ಥ ನಮ್ಮ ತೊಟ್ಟಲದ ಕೂಸಿಗೂ ಗೊತ್ತದ. ಇನ್ನ "ಜುಲಾಬು" ಮೂಲದಾಗ ಪಾರಸಿಯ ಗುಲಾಬ್, ಅಂದ್ರ ಗುಲಾಬಿನೀರು. ರಾತ್ರಿ ಆರು ಸಲ ಎದ್ದಾಕಿ ಮುಂದ ಮಾತ್ರ ಇದನ್ನ ಹೇಳಬ್ಯಾಡ್ರಿ.

ಹೂಸಿನ ಮರ್ಯಾದಿಯಂತೂ ಈಗ ಭಾಳ ಹೆಚ್ಚಾಗೇದ. "ಗ್ಯಾಸ್" ಅಂದ್ರ ಡಾಕ್ಟರ ಮುಂದೂ ಹೇಳಬಹುದು, ಬೀಗರ ಮುಂದೂ ಹೇಳಬಹುದು. "ಅಪಾನವಾಯು" ಅಂದ್ರಂತೂ ನಾತಾನ ಬರೂದಿಲ್ಲ. ಒಮ್ಮೆ ಬಾಜೂಮನಿ ವೈನಿ ಮುಂದ ನಮ್ಮ ಅತ್ತಿಯವರು "ಗ್ಯಾಸ್ ಭಾಳ ಆಗೇದವಾ" ಅಂದ್ರ, ಆಕಿ "ಹಂಗಾರ ಒಂದು ಸಿಲಿಂಡರ್ ನಮಗ ಕೊಡ್ರೆಲ್ಲಾ, ನಮ್ದು ನಿನ್ನೇನ ಮುಗದದ" ಅಂದ್ಲು.

ಹೆಂಗಸರ ತಿಂಗಳ ಶಬ್ದಗಳದು ಮತ್ತೊಂದು ಕತಿ. ಹೊರಗ ಕುಂತಾಳ, ಕಡಿಗ್ಯಾಗ್ಯಾಳ, ಕಾಗಿ ಮುಟ್ಟೇದ. ಈಗಿನವರದು "ಡೇಟ್". ಸಣ್ಣಾಕಿ ಇದ್ದಾಗ ಮಾಳಗಿ ಮ್ಯಾಲೆ ಕುಂತ ಕಾಗಿ ನೋಡಿ, ಇದು ನಮ್ಮಪ್ಪನ್ನ ಯಾಕ ಎಂದೂ ಮುಟ್ಟೂದಿಲ್ಲ ಅಂತ ನನಗ ದೊಡ್ಡ ಸಂಶಯ.

ಈ "ಹೊರಗ" ಅನ್ನೋ ಒಂದು ಶಬ್ದದಿಂದ ನಮ್ಮ ದೊಡ್ಡವ್ವ ಪಟ್ಟ ಪಾಡು ಕೇಳ್ರಿ. ಆಕಿಗೆ 62 ವರ್ಷ. ಮೂರು ತಿಂಗಳ ಯಾರಿಗೂ ಹೇಳದ ಸುಮ್ಮನಿದ್ದು, ಕಡೀಕ ದವಾಖಾನಿಗೆ ಹೋದ್ಲು. ಡಾಕ್ಟರು ಬೆಂಗಳೂರ ಕಡಿ ಸಣ್ಣ ಹುಡುಗ. ಗಂಡಸು ಬ್ಯಾರೆ. ಈಕಿ ನೆಲಾ ನೋಡಕೋತ, "ಹೊರಗ ಆದಾಗ ರಕ್ತ ಬೀಳ್ತದ್ರಿ" ಅಂದ್ಲು. ಅವರು ತಿಳಕೊಂಡದ್ದು ಮುಟ್ಟು ಅಂತ. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆದಾಕಿಗೆ ರಕ್ತ ಹೋಗತದ ಅಂದ್ರ ಹುಡುಗಾಟಿಕಿ ಅಲ್ಲ, ಗರ್ಭಚೀಲದ ಕ್ಯಾನ್ಸರ್ ಏನರೆ ಅದ ಏನು ಅಂತ ನೋಡಬೇಕಾಗತದ. ಅವರು ಮಾಡಿದ್ದು ಬರೋಬ್ಬರಿನ. ಸ್ಕ್ಯಾನಿಂಗ್ ಬರದು ಕೊಟ್ರು. ದೊಡ್ಡವ್ವ ಎರಡು ದಿನಾ ಊಟಾ ಬಿಟ್ಲು. ಪಾಟಲಿ ಯಾವ ಸೊಸಿಗೆ, ಸರಾ ಯಾವ ಮಗಳಿಗೆ ಅಂತ ಹಂಚಿಯೂ ಇಟ್ಲು.

ಸ್ಕ್ಯಾನಿಂಗ್‌ನಾಗ ಏನೂ ಬರಲಿಲ್ಲ. ಆವಾಗ ಅಲ್ಲಿ ಇದ್ದ ವಯಸ್ಸಾದ ನರ್ಸ್ ಬಾಯಿ, ಹಳ್ಳಿ ಕಡಿಯಾಕಿ, ಹತ್ತು ಮಂದಿ ನಡುವ ಖಡಕ್ಕಾಗಿ ಕೇಳಿದ್ಲು: "ಅಮ್ಮಾ, ಹೇಲು ಹೋದಾಗ ಬೀಳ್ತದೋ, ಉಚ್ಚಿ ಹೊಯ್ದಾಗ ಬೀಳ್ತದೋ?" ದೊಡ್ಡವ್ವ ಬಾಯಿಗೆ ಸೆರಗ ಒತ್ತಿಕೊಂಡು, ಮೆಲ್ಲಕ ಎರಡು ಬಳ್ಳು ಎತ್ತಿ ತೋರಿಸಿದ್ಲು.

ಡಾಕ್ಟರು ಮತ್ತ ಪರೀಕ್ಷಾ ಮಾಡಿದ್ರು. ಮೂಲವ್ಯಾಧಿ. ಔಷಧ, ನೀರು, ಸೊಪ್ಪು, ಮುಗೀತು. ಮೂರು ತಿಂಗಳ ಹೆದರಿಕಿ, ಎರಡು ಶಬ್ದ ಬಾಯಿಂದ ಬರಲಿಲ್ಲ ಅಂತ!

ನಮ್ಮ ಹಳೇ ವೈದ್ಯರಿಗೆ ಈ ಸಂಕೋಚ ಇದ್ದಿದ್ದಿಲ್ಲ ಕಾಣಸ್ತದ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯದಾಗ ತಡೀಬಾರದ ವೇಗಗಳು 13 ಅಂತ ಹೇಳೇದ. ಮೂತ್ರ, ಮಲ, ಹೂಸು, ವಾಂತಿ, ಸೀನು, ತೇಗು, ಆಕಳಿಕಿ, ಹಸಿವಿ, ನೀರಡಿಕಿ, ಕಣ್ಣೀರು, ನಿದ್ದಿ ಎಲ್ಲಾ ಆ ಯಾದಿಯೊಳಗ ಅವ. ಸೊಸಿ ಆಗಿ ಬಂದ ಮೊದಲನೇ ವರ್ಷ ಇದರಾಗ ನಾವು ತಡೀದ ಇದ್ದದ್ದು ಯಾವುದು, ನೀವ ಹೇಳ್ರಿ. ಈಗೂ ಹುಬ್ಬಳ್ಳಿಯಿಂದ ವಿಜಾಪುರಕ್ಕ ಬಸ್ಸಿನ್ಯಾಗ ಹೊಂಟ್ರ ಮುಂಜಾನಿಂದ ನೀರ ಕುಡಿಯೂದಿಲ್ಲ. ಗಂಡಸರು ಕಂಡಕ್ಟರಗ "ಏ, ಒಂದ ಮಿನಿಟ್ ನಿಲ್ಲಸೋ" ಅಂದು ಇಳದು ಗಿಡದ ಕಡಿ ಮಾರಿ ಮಾಡಿ ನಿಂತಬಿಡ್ತಾರ. ನಾವು ಕಾಲ ಮ್ಯಾಲೆ ಕಾಲ ಹಾಕ್ಕೊಂಡು ಕಿಡಕಿಯಾಗ ನೋಡಕೋತ ಕೂಡತೀವಿ. ನಮಗ ಮೂತ್ರನಾಳ ಗಿಡ್ಡ, ಸೋಂಕು ಗಂಡಸರಕಿಂತ ಲಗೂನ ಹತ್ತತದ. ಹತ್ತಿದ ಮ್ಯಾಲೂ "ಸ್ವಲ್ಪ ಉಷ್ಣ ಆಗೇದ" ಅಂತೀವಿ, ಉರಿ ಎಲ್ಲಿ ಅಂತ ಹೇಳೂದಿಲ್ಲ.

ದೊಡ್ಡವ್ವ ಈಗ ಪೂರಾ ಬದಲಾಗ್ಯಾಳ. ಫೋನ್ ಮಾಡಿದ್ರ ಬಣ್ಣ, ಗಟ್ಟಿ-ತೆಳು, ಎಷ್ಟು ಸಲ, ಎಲ್ಲಾ ವರದಿ ಕೊಡ್ತಾಳ. ಮೊನ್ನೆ ನಾ ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ ಹಾಕ್ಕೊಂಡು ಕುಂತಿದ್ದೆ, ಆಕಿ ಫೋನ್ ಬಂತು. ಎರಡ ತುತ್ತು ಆಗೂದರಾಗ ವರದಿ ಶುರು. "ದೊಡ್ಡವ್ವಾ, ಹತ್ತು ಮಿನಿಟ್ ತಡಿ, ಕೈ ತೊಳಕೊಂಡು ನಾನ ಹಚ್ಚತೀನಿ" ಅಂದೆ.

"ಯಾಕವಾ, ಬೈಲಕಡಿ ಹೋಗಿದ್ಯೇನು?" ಅಂದ್ಲು.