ಪ್ರೇಕ್ಷಕರನ್ನೂ ಹೊತ್ತು ತಂದ ನಾಟಕ

ನಾಟಕವನ್ನು ಟೀವಿಗೆ ತರುವುದು ಮೇಲುನೋಟಕ್ಕೆ ಸುಲಭದ ಕೆಲಸ. ರಂಗದೆದುರು ಎರಡು ಮೂರು ಕ್ಯಾಮೆರಾ ನಿಲ್ಲಿಸಿ, ಮೈಕು ಇಳಿಬಿಟ್ಟರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಹಾಗೆ ಸೆರೆಹಿಡಿದ ನಾಟಕವನ್ನು ಮನೆಯಲ್ಲಿ ಕೂತು ನೋಡಿದವರಿಗೆ ಅದರ ಪಾಡು ಗೊತ್ತು. ಕೊನೆಯ ಸಾಲಿನವನಿಗೂ ಕೇಳಲೆಂದು ಎತ್ತರಿಸಿದ ದನಿ ಪೆಟ್ಟಿಗೆಯೊಳಗಿಂದ ಬರುವಾಗ ಬರೀ ಕಿರುಚಾಟ. ದೂರದವರಿಗೆಂದು ಬಳಿದ ಬಣ್ಣ ಹತ್ತಿರದಿಂದ ಮುಖವಾಡ. ಇದು ಬೇಡವೆಂದು ಸ್ಟುಡಿಯೋದೊಳಗೆ ಗೋಡೆ, ಕಿಟಕಿ, ಕುರ್ಚಿ ಜೋಡಿಸಿ ಮೆಲುದನಿಯಲ್ಲಿ ಆಡಿಸಿದರೆ ಅದು ನಾಟಕವಾಗಿ ಉಳಿಯುವುದಿಲ್ಲ, ಇನ್ನೊಂದು ಧಾರಾವಾಹಿಯ ಕಂತಾಗುತ್ತದೆ.

ಜನರ ಸಂಕಟವನ್ನು ಜನರೆದುರೇ ಆಡುವ ನಾಟಕವಾದರಂತೂ ಕಷ್ಟ ಇಮ್ಮಡಿ. ಅಲ್ಲಿ ಪ್ರೇಕ್ಷಕ ಅರ್ಧ ಪಾತ್ರಧಾರಿ. ಅವನ ನಗು, ಅವನ ಸಿಟ್ಟು, ಮಾತಿನ ನಡುವೆ ಅವನು ಎಸೆಯುವ ಒಂದು ಪ್ರಶ್ನೆ, ಇವೆಲ್ಲ ನಾಟಕದ ಭಾಗ. ಟೀವಿಯ ಮುಂದೆ ಕೂತವನು ಎಷ್ಟೇ ಕೂಗಿದರೂ ಒಳಗಿನ ನಟನಿಗೆ ಕೇಳಿಸದು. ಹಾಗಾದರೆ ಅಂಥ ನಾಟಕವನ್ನು ತೆರೆಗೆ ತರುವುದು ಹೇಗೆ?

ಈ ಪ್ರಶ್ನೆಗೆ ಎರಡೂ ದಡಗಳಲ್ಲಿ ನಿಂತು ಉತ್ತರ ಹುಡುಕಿದ ಒಬ್ಬ ಮನುಷ್ಯನಿದ್ದ. ಹೆಸರು ಜಾನ್ ಮೆಕ್‌ಗ್ರಾತ್. 1935ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ, ಐರಿಷ್ ಮೂಲದ ಕುಟುಂಬದಲ್ಲಿ ಹುಟ್ಟಿದವ. ಆಕ್ಸ್‌ಫರ್ಡಿನಲ್ಲಿ ಓದಿ ಬಿಬಿಸಿ ಸೇರಿದ. 1962ರ ಜನವರಿಯಲ್ಲಿ ಆರಂಭವಾದ ‘ಝಡ್ ಕಾರ್ಸ್’ ಎಂಬ ಪೊಲೀಸ್ ಧಾರಾವಾಹಿ ಬ್ರಿಟನ್ನಿನ ಮನೆಮಾತಾಯಿತು. ಅದನ್ನು ರೂಪಿಸಿದವರಲ್ಲಿ ಈತ ಒಬ್ಬ. ಆಗ ಅದರ ಕಂತುಗಳು ಸ್ಟುಡಿಯೋದಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ತಪ್ಪಿದರೆ ತಿದ್ದಲು ಆಸ್ಪದವಿರಲಿಲ್ಲ. ಮುಂದೆ ಸಿನಿಮಾಕ್ಕೂ ಬರೆದ. ಹಣ ಬಂತು, ಹೆಸರೂ ಬಂತು. ಅಲ್ಲಿಗೇ ನಿಂತಿದ್ದರೆ ಸುಖವಾಗಿ ಬಾಳಬಹುದಿತ್ತು.

ನಿಲ್ಲಲಿಲ್ಲ. 1971ರಲ್ಲಿ ಹೆಂಡತಿ, ನಟಿ ಎಲಿಜಬೆತ್ ಮೆಕ್ಲೆನನ್ ಮತ್ತು ಆಕೆಯ ತಮ್ಮ ಡೇವಿಡ್ ಜತೆ ಸೇರಿ ಒಂದು ನಾಟಕ ತಂಡ ಕಟ್ಟಿದ. ತಂಡಕ್ಕೆ ಇಟ್ಟ ಹೆಸರೇ ವಿಚಿತ್ರ: ‘7:84’. 1966ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಬಂದಿದ್ದ ಒಂದು ಅಂಕಿಅಂಶದಿಂದ ಹುಟ್ಟಿದ ಹೆಸರು ಅದು. ದೇಶದ ನೂರಕ್ಕೆ 7 ಮಂದಿಯ ಕೈಯಲ್ಲಿ ನೂರಕ್ಕೆ 84 ಪಾಲು ಸಂಪತ್ತು ಇದೆ ಎಂಬ ಲೆಕ್ಕ. ಹೆಸರಿನ ಅರ್ಥವೇನೆಂದು ಕೇಳಿದವನಿಗೆ ಉತ್ತರ ಹೇಳುವಷ್ಟರಲ್ಲಿ ಅರ್ಧ ನಾಟಕ ಆಡಿದಂತೆಯೇ!

1973ರಲ್ಲಿ ಈ ತಂಡದ ಸ್ಕಾಟ್ಲೆಂಡ್ ಶಾಖೆ ಹುಟ್ಟಿತು. ಅದರ ಮೊದಲ ನಾಟಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಚೀವಿಯಟ್, ಸಾರಂಗ ಮತ್ತು ಕಪ್ಪು ಕಪ್ಪು ಎಣ್ಣೆ’. ಚೀವಿಯಟ್ ಎಂಬುದು ಒಂದು ತಳಿಯ ಕುರಿ. ಒಂದು ಕುರಿ, ಒಂದು ಜಿಂಕೆ, ಒಂದಿಷ್ಟು ಎಣ್ಣೆ. ಈ ಮೂರರ ನೆಪದಲ್ಲಿ ತಲೆಮಾರುಗಳ ಉದ್ದಕ್ಕೂ ಒಂದು ಜನಾಂಗ ತನ್ನ ನೆಲವನ್ನು ಹೇಗೆ ಕಳೆದುಕೊಳ್ಳುತ್ತ ಬಂತು ಎಂಬುದೇ ನಾಟಕದ ವಸ್ತು.

ಕಥೆ ಕಟ್ಟುಕಥೆಯಲ್ಲ. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್‌ನಲ್ಲಿ ಗೇಲಿಕ್ ನುಡಿಯ ಒಕ್ಕಲುಗಳು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಮೀನ್ದಾರರಿಗೆ ಒಂದು ಸತ್ಯ ಹೊಳೆಯಿತು: ಮನುಷ್ಯರಿಗಿಂತ ಕುರಿಗಳಿಂದ ಲಾಭ ಹೆಚ್ಚು. ಸದರ್ಲೆಂಡ್ ಸೀಮೆಯಲ್ಲಿ ಕಣಿವೆಗೆ ಕಣಿವೆಯೇ ಖಾಲಿಯಾಯಿತು. ಮನೆ ಬಿಡಲೊಲ್ಲದವರ ಸೂರಿಗೆ ಬೆಂಕಿ ಬಿತ್ತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ನಡೆದ ಕ್ರೌರ್ಯಕ್ಕಾಗಿ ಪ್ಯಾಟ್ರಿಕ್ ಸೆಲರ್ ಎಂಬ ಪಾರುಪತ್ಯಗಾರನ ಮೇಲೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ವಿಚಾರಣೆ ನಡೆಯಿತು. ಅವನು ನಿರ್ದೋಷಿ ಎಂದು ತೀರ್ಪಾಯಿತು. ತೆರವಾದ ಆ ನೆಲದಲ್ಲಿ ಕುರಿ ಸಾಕುವ ಗುತ್ತಿಗೆ ಪಡೆದವನೂ ಆ ಸೆಲರನೇ! ಕುರಿಯ ಕಾಲ ಮುಗಿದ ಮೇಲೆ ಶ್ರೀಮಂತರ ಬೇಟೆಗಾಗಿ ಜಿಂಕೆಯ ಕಾಡುಗಳು ಬಂದವು. 1970ರ ಹೊತ್ತಿಗೆ ಪಕ್ಕದ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು. ಶರಾವತಿಯ ‘ಮುಳುಗಡೆ’ ಎಂಬ ಮಾತನ್ನು ಬಲ್ಲ ಮಲೆನಾಡಿನವರಿಗೆ ಈ ಕಥೆಯ ಎಳೆ ಬಿಡಿಸಿ ಹೇಳಬೇಕಿಲ್ಲ.

ಇಂಥ ವಸ್ತುವನ್ನು ಮೆಕ್‌ಗ್ರಾತ್ ಗಂಭೀರ ದುರಂತವಾಗಿ ಬರೆಯಲಿಲ್ಲ. ಆತ ಹಿಡಿದದ್ದು ಹೈಲ್ಯಾಂಡ್ಸ್ ಜನರದೇ ಆದ ‘ಕೇಲಿ’ಯ ರೂಪವನ್ನು. ಕೇಲಿ ಎಂದರೆ ಚಳಿಗಾಲದ ಸಂಜೆ ಊರವರು ಸೇರಿ ಹಾಡು, ಕತೆ, ಪಿಟೀಲು, ಕುಣಿತಗಳಲ್ಲಿ ಹೊತ್ತು ಕಳೆಯುವ ಕೂಟ. ನಟರೇ ವಾದ್ಯ ನುಡಿಸುವವರು, ನಟರೇ ಹಾಡುವವರು. ಒಂದು ಗಳಿಗೆಯಲ್ಲಿ ಜಮೀನ್ದಾರನಾಗಿ ನಗಿಸಿದವನು ಮರುಗಳಿಗೆಯಲ್ಲಿ ಟೋಪಿ ತೆಗೆದು, ಮನೆ ಸುಟ್ಟದ್ದನ್ನು ಕಣ್ಣಾರೆ ಕಂಡವರು ಬರೆದಿಟ್ಟ ಮಾತನ್ನು ನೇರವಾಗಿ ಓದುತ್ತಿದ್ದ. ಅಭಿನಯವಿಲ್ಲ, ಅಲಂಕಾರವಿಲ್ಲ. ಇಸವಿ, ಊರು, ಮಾತು, ಅಷ್ಟೇ. ನಗುತ್ತಿದ್ದ ಸಭೆ ಒಮ್ಮೆಲೇ ಮೌನವಾಗುವುದಕ್ಕೆ ಅಷ್ಟು ಸಾಕಾಗಿತ್ತು.

ರಂಗಸಜ್ಜಿಕೆಯೆಂದರೆ ಚಿತ್ರಕಾರ ಜಾನ್ ಬರ್ನ್ ಮಾಡಿಕೊಟ್ಟ ಆಳೆತ್ತರದ ಒಂದು ಪುಸ್ತಕ. ಮಕ್ಕಳ ಚಿತ್ರಪುಸ್ತಕಗಳಲ್ಲಿ ಹಾಳೆ ತೆರೆದರೆ ಮನೆ, ಮರ ಎದ್ದು ನಿಲ್ಲುತ್ತವಲ್ಲ, ಅಂಥದ್ದು. ಹಾಳೆ ಮಗುಚಿದರೆ ದೃಶ್ಯ ಬದಲು. ಅದನ್ನೂ ವಾದ್ಯಗಳನ್ನೂ ಹೇರಿಕೊಂಡು ತಂಡ 1973ರಲ್ಲಿ ಊರೂರು ಸುತ್ತಿತು. ನಾಟಕ ಶಾಲೆಯೆಂಬುದನ್ನೇ ಕಾಣದ ಊರುಗಳ ಸಭಾಭವನಗಳಲ್ಲಿ ಆಡಿತು. ಎದುರು ಕೂತವರಲ್ಲಿ ಒಕ್ಕಲೆಬ್ಬಿಸಲ್ಪಟ್ಟವರ ಮೊಮ್ಮಕ್ಕಳು, ಮರಿಮಕ್ಕಳು ಇದ್ದರು. ಡೊಲೀನಾ ಮೆಕ್ಲೆನನ್ ಗೇಲಿಕ್ ಹಾಡು ಎತ್ತಿದರೆ ಸಭೆಯೇ ದನಿಗೂಡಿಸುತ್ತಿತ್ತು. ನಾಟಕ ಮುಗಿದೊಡನೆ ಕುರ್ಚಿಗಳನ್ನು ಗೋಡೆಗೆ ಸರಿಸಿ, ನಟರ ವಾದ್ಯಕ್ಕೆ ಊರವರ ಕುಣಿತ. ಕುಣಿತದ ನಡುವೆ ಮಾತು, ಚರ್ಚೆ, ಜಗಳ. ಮೆಕ್‌ಗ್ರಾತ್‌ನ ಪಾಲಿಗೆ ಅದೂ ನಾಟಕದ ಒಂದು ಅಂಕವೇ.

ಹೀಗೆ ಟೀವಿ ಬಿಟ್ಟು ಹಳ್ಳಿಗೆ ಬಂದವನನ್ನು ಹುಡುಕಿಕೊಂಡು ಟೀವಿಯೇ ಹಳ್ಳಿಗೆ ಬಂತು. ಬಿಬಿಸಿಯ ‘ಪ್ಲೇ ಫಾರ್ ಟುಡೇ’ ಎಂಬ ನಾಟಕ ಸರಣಿಗೆ ಇದನ್ನು ಚಿತ್ರಿಸುವುದೆಂದಾಯಿತು. ನಿರ್ದೇಶಕ ಜಾನ್ ಮೆಕೆಂಜಿ. ಹೈಲ್ಯಾಂಡ್ಸ್‌ನ ಊರವರು ಕೂಡಿ ಹಾಡುವ ನಾಟಕವನ್ನು ಆ ನೆಲದ ಹೆಸರೂ ಕೇಳದ ಲಂಡನ್ನಿನ ಸಂಸಾರವೊಂದು ಊಟ ಮಾಡುತ್ತ ನೋಡುವುದಿದೆ. ಅವರಿಗೆ ಅದು ತಮ್ಮ ಕಥೆಯಲ್ಲ. ಹಾಡಿಗೆ ದನಿಗೂಡಿಸಲು ಅವರಿಗೆ ಗೇಲಿಕ್ ಬಾರದು. ಏನು ಮಾಡುವುದು?

ಅವರು ಕಂಡುಕೊಂಡ ಉಪಾಯ ಸರಳ. ಪ್ರೇಕ್ಷಕರನ್ನು ಬಿಟ್ಟುಬರಲಾಗದಿದ್ದರೆ ಅವರನ್ನೂ ಹೊತ್ತು ತರುವುದು. ಊರ ಸಭಾಭವನದಲ್ಲೇ, ಊರವರೆದುರಿಗೇ ನಾಟಕ ಆಡಿಸಿ ಚಿತ್ರಿಸಿದರು. ಕ್ಯಾಮೆರಾ ನಟರನ್ನು ತೋರಿಸಿದಷ್ಟೇ ಅಕ್ಕರೆಯಿಂದ ಕೂತವರನ್ನೂ ತೋರಿಸಿತು. ನಗುವ ಮುಖ, ಬಿಗಿದುಕೊಂಡ ಮುಖ, ಹಾಡಿಗೆ ತುಟಿಯಾಡಿಸುವ ಮುಖ. ಮನೆಯಲ್ಲಿ ಕೂತವನು ನೋಡುತ್ತಿದ್ದುದು ಬರೀ ನಾಟಕವನ್ನಲ್ಲ; ಆ ನಾಟಕ ಯಾರದೋ ಅವರು ಅದನ್ನು ಕೇಳಿಸಿಕೊಳ್ಳುವ ಬಗೆಯನ್ನು.

ಇದು ಮೊದಲ ಎಳೆ. ಎರಡನೆಯದು, ರಂಗದ ಮೇಲೆ ಮಾತಿನಲ್ಲಿ ಮಾತ್ರ ಹೇಳಬಹುದಾಗಿದ್ದುದನ್ನು ಬಯಲಿಗೆ ಒಯ್ದು ತೋರಿಸುವುದು. ಒಕ್ಕಲೆಬ್ಬಿಸಿದ ದೃಶ್ಯಗಳನ್ನು ಗುಡ್ಡ, ಕಣಿವೆಗಳ ನಡುವೆ ಸಿನಿಮಾದಂತೆ ಚಿತ್ರಿಸಿದರು. ಮೂರನೆಯದು ಇನ್ನೂ ಧೈರ್ಯದ್ದು. ಎಣ್ಣೆಯ ಭಾಗ ಬಂದಾಗ ನಟರನ್ನು ಬದಿಗಿಟ್ಟು, ಎಣ್ಣೆಯ ಕೆಲಸಕ್ಕೆ ಬಂದ ನಿಜವಾದ ಕಾರ್ಮಿಕರನ್ನೇ ಮಾತಾಡಿಸಿದರು. ಸಭಾಭವನದ ಹಾಡಿನಿಂದ ಸುಡುವ ಸೂರಿಗೆ, ಅಲ್ಲಿಂದ ಕೂಲಿಯವನ ಮಾತಿಗೆ, ಮರಳಿ ಪಿಟೀಲಿಗೆ ಚಿತ್ರ ಜಿಗಿಯುತ್ತ ಹೋಗುತ್ತದೆ. ಪುಸ್ತಕದ ಹಾಳೆ ಮಗುಚಿದಂತೆಯೇ. ರಂಗದ ಮೇಲಿನ ಸ್ವಾತಂತ್ರ್ಯವನ್ನು ಟೀವಿ ಅಳಿಸಲಿಲ್ಲ, ತನ್ನ ಸಲಕರಣೆಯಿಂದ ಅದನ್ನೇ ಮಾಡಿ ತೋರಿಸಿತು.

1974ರ ಜೂನ್ 6ರಂದು ಪ್ರಸಾರವಾಯಿತು. ಅಷ್ಟರಲ್ಲಿ ಕಾಲವೂ ನಾಟಕಕ್ಕೆ ಹೊಸ ಅರ್ಥ ಬರೆದಿತ್ತು. ತಂಡ ಊರೂರು ತಿರುಗತೊಡಗಿದಾಗ ಎಣ್ಣೆ ಅಗ್ಗದ ಸರಕು. 1973ರ ಅಕ್ಟೋಬರಿನಿಂದ 1974ರ ಜನವರಿಯೊಳಗೆ ಅದರ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ‘ಇದು ಸ್ಕಾಟ್ಲೆಂಡಿನ ಎಣ್ಣೆ’ ಎಂಬ ಘೋಷಣೆಯೊಡನೆ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಫೆಬ್ರುವರಿಯ ಚುನಾವಣೆಯಲ್ಲಿ 7, ಅಕ್ಟೋಬರಿನಲ್ಲಿ 11 ಸ್ಥಾನ ಗೆದ್ದಿತು. ಆ ಎರಡು ಚುನಾವಣೆಗಳ ನಡುವೆ ಬಂದ ಈ ನಾಟಕ ಬೇರೆಯದೇ ಮಾತು ಹೇಳುತ್ತಿತ್ತು: ಎಣ್ಣೆ ಯಾವ ದೇಶದ್ದು ಎಂದು ಕೇಳಿದರೆ ಸಾಲದು, ಯಾರ ಕೈಗೆ ಹೋಗುತ್ತದೆ ಎಂದು ಕೇಳಿ, ಒಕ್ಕಲೆಬ್ಬಿಸಿದವರಲ್ಲಿ ಸ್ಕಾಟ್ಲೆಂಡಿನವರೂ ಇದ್ದರಲ್ಲ! ಆಗಿನ್ನೂ ಬ್ರಿಟನ್ನಿನ ದಡಕ್ಕೆ ಉತ್ತರ ಸಮುದ್ರದ ಒಂದು ಹನಿ ಎಣ್ಣೆ ಬಂದಿರಲಿಲ್ಲ. ಬಂದದ್ದು 1975ರಲ್ಲಿ. ಅಂದರೆ ಪ್ರಶ್ನೆ ಇನ್ನೂ ತೀರ್ಮಾನವಾಗದ ಹೊತ್ತಿನಲ್ಲೇ ಅದನ್ನು ದೇಶದ ಮನೆಮನೆಯ ಮುಂದಿಟ್ಟಂತಾಯಿತು. ವ್ಯಾನಿನಲ್ಲಿ ತಿರುಗುವ ತಂಡಕ್ಕೆ ಎಷ್ಟು ವರ್ಷ ತಿರುಗಿದರೂ ಆಗದ ಕೆಲಸ ಇದು.

ಹಾಗೆಂದು ಎಲ್ಲವೂ ದಾಟಿ ಬಂತೇ? ಇಲ್ಲ. ಕುಣಿತ ಬರಲಿಲ್ಲ. ಕುರ್ಚಿ ಸರಿಸಿದ ಮೇಲಿನ ವಾಗ್ವಾದ ಬರಲಿಲ್ಲ. ತೆರೆಯಲ್ಲಿ ನಾಟಕ ಮುಗಿದ ಮರುನಿಮಿಷಕ್ಕೆ ಇನ್ನೊಂದು ಕಾರ್ಯಕ್ರಮ ಶುರು. ಕನ್ನಡಿಗರಿಗೆ ಇದು ಪರಿಚಿತ ನಷ್ಟವೇ. ತಾಳಮದ್ದಳೆಯ ಕ್ಯಾಸೆಟ್ಟುಗಳು ಕರಾವಳಿಯ ಮನೆಗಳಲ್ಲಿ ತಿರುಗಿದ ಕಾಲವಿತ್ತು. ಅರ್ಥಧಾರಿಯ ಮಾತೆಲ್ಲ ಅದರಲ್ಲಿತ್ತು. ಆದರೆ ಆ ಮಾತು ಹುಟ್ಟಿದ್ದು ಎದುರಾಳಿಯ ಕಣ್ಣು ನೋಡಿ, ಮುಂದೆ ಕೂತವರು ತಲೆದೂಗಿದ್ದನ್ನು ಕಂಡು. 1970ರ ದಶಕದ ಕೊನೆಯಲ್ಲಿ ‘ಸಮುದಾಯ’ ತಂಡ ‘ಬೆಲ್ಚಿ’ ಬೀದಿನಾಟಕವನ್ನು ಆಡುತ್ತಿದ್ದಾಗ ಸುತ್ತ ನೆರೆದವರ ಉಸಿರೂ ನಾಟಕದೊಳಗೇ ಇತ್ತು. ಆ ಸುತ್ತನ್ನು ಬಿಟ್ಟು ನಡುವಿನ ನಟರನ್ನಷ್ಟೇ ಚಿತ್ರಿಸಿದರೆ ಸಿಗುವುದು ಬೀದಿನಾಟಕವಲ್ಲ, ಬೀದಿಯಿಲ್ಲದ ನಾಟಕ.

ಮೆಕ್‌ಗ್ರಾತ್‌ಗೆ ಈ ಕೊರತೆ ತಿಳಿದಿತ್ತು. ಆದರೂ ಟೀವಿಯನ್ನು ಹೀಗಳೆದು ಕೂರಲಿಲ್ಲ. 1976ರಲ್ಲಿ ಎಡಿನ್‌ಬರೋದ ಟೆಲಿವಿಷನ್ ಉತ್ಸವದಲ್ಲಿ ಮೊದಲ ಮೆಕ್‌ಟ್ಯಾಗರ್ಟ್ ಉಪನ್ಯಾಸ ಕೊಟ್ಟವನು ಆತನೇ. ಟೀವಿ ನಾಟಕಕ್ಕೆ ಅಂಟಿದ ರೋಗ ಸಹಜತಾವಾದ, ಕೋಣೆಯೊಳಗೆ ಕೂತು ಮಾತಾಡುವುದನ್ನೇ ಬದುಕು ಎಂದು ನಂಬಿಸುವ ಚಟ ಎಂಬುದು ಆತನ ವಾದ. 1981ರಲ್ಲಿ ಬಂದ ‘ಎ ಗುಡ್ ನೈಟ್ ಔಟ್’ ಪುಸ್ತಕದಲ್ಲಿ ಕಾರ್ಮಿಕರ ರಂಜನೆಯ ರೂಪಗಳನ್ನು ಕೀಳೆಂದು ತಳ್ಳದೆ ಅವುಗಳಿಂದ ಕಲಿಯಬೇಕೆಂದ. ತನ್ನ ‘ಬ್ಲಡ್ ರೆಡ್ ರೋಸಸ್’ ನಾಟಕವನ್ನು 1986ರಲ್ಲಿ ಚಾನೆಲ್ 4ಕ್ಕೆ ತಾನೇ ಮಾಡಿಕೊಟ್ಟ. 1988ರಲ್ಲಿ ಅನುದಾನದ ತಕರಾರಿನಲ್ಲಿ ತಾನೇ ಕಟ್ಟಿದ ತಂಡದಿಂದ ಹೊರನಡೆಯಬೇಕಾಯಿತು. 2002ರಲ್ಲಿ ತೀರಿಕೊಂಡ. 7:84 ತಂಡ 2008ರಲ್ಲಿ ಬಾಗಿಲು ಮುಚ್ಚಿತು.

ಉಳಿದದ್ದೇನು? ಜಾನ್ ಬರ್ನ್‌ನ ಆ ದೊಡ್ಡ ಪುಸ್ತಕ ಉಳಿದಿದೆ; 2018ರಲ್ಲಿ ಡಂಡೀ ನಗರದಲ್ಲಿ ಹೊಸ ಸಂಗ್ರಹಾಲಯ ತೆರೆದಾಗ ಜನ ಅದನ್ನು ಅಲ್ಲಿ ನೋಡಿದರು. 2015ರಲ್ಲಿ ಅದೇ ಊರಿನ ರೆಪರ್ಟರಿ ನಾಟಕವನ್ನು ಹೊಸ ನಟರೊಂದಿಗೆ ಮತ್ತೆ ಆಡಿತು. ನಡುವೆ, 1993ರಲ್ಲಿ ಅಸಿಂಟ್ ಎಂಬಲ್ಲಿನ ಒಕ್ಕಲುಗಳೂ 1997ರಲ್ಲಿ ಎಗ್ ದ್ವೀಪದ ಜನರೂ ತಾವಿರುವ ನೆಲವನ್ನು ತಾವೇ ಕೊಂಡುಕೊಂಡರು. 2003ರ ಭೂಸುಧಾರಣಾ ಕಾನೂನು ಊರವರು ಒಟ್ಟಾಗಿ ನೆಲ ಕೊಳ್ಳುವುದಕ್ಕೆ ದಾರಿ ಮಾಡಿತು. ಒಂದು ನಾಟಕದಿಂದ ಕಾನೂನು ಹುಟ್ಟುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಜನ ಮರೆಯದಂತೆ ಇಟ್ಟಿರುವುದು ನಾಟಕಕ್ಕೆ ಆಗದ ಕೆಲಸವೇನಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಆ ಚಿತ್ರ ಉಳಿದಿದೆ. ನಟರ ಮಾತನ್ನು ಪುಸ್ತಕದಲ್ಲಿ ಓದಬಹುದು, ಹೊಸಬರಿಂದ ಮತ್ತೆ ಆಡಿಸಬಹುದು. ಆದರೆ ಸುಟ್ಟ ಮನೆಗಳ ಕಥೆಯನ್ನು ತಮ್ಮ ಅಜ್ಜ ಅಜ್ಜಿಯರ ಕಥೆಯಾಗಿ ಕೇಳುತ್ತ ಕೂತಿದ್ದ ಆ ಊರವರನ್ನು ಇನ್ನೊಮ್ಮೆ ಕರೆತಂದು ಕೂರಿಸಲಾಗದು. ಅವರು ಕೇಳಿಸಿಕೊಂಡ ಬಗೆ ಉಳಿದಿರುವುದು ಆ ತೊಂಬತ್ತು ನಿಮಿಷಗಳಲ್ಲಿ ಮಾತ್ರ. ಜನರ ನಾಟಕವನ್ನು ತೆರೆಗೆ ತರಹೊರಟವರು ಕ್ಯಾಮೆರಾವನ್ನು ಯಾವ ಕಡೆ ತಿರುಗಿಸಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.