ನಾನು ತಪ್ಪಾಗಿ ಓದಿದ ಕಪ್ಪೆ

ಪಿಯುಸಿ ತನಕ ನನಗೆ ಕಪ್ಪೆ ಅಂದ್ರೆ ಬಯಾಲಜಿ ರೆಕಾರ್ಡಿನ ಒಂದು ಡಯಾಗ್ರಾಮ್. ಆಂಫಿಬಿಯಾ, ಮೂರು ಕೋಣೆಯ ಹೃದಯ, ಐದು ಮಾರ್ಕ್ಸ್, ಮುಗೀತು. ಮತ್ತೆ ಅದರ ಮುಖ ನೋಡಿದ್ದು ಮೂರನೇ ಸೆಮ್ ಮಿನಿ ಪ್ರಾಜೆಕ್ಟಿಗೆ. ಕಪ್ಪೆಗಳ ಕೂಗು ರೆಕಾರ್ಡ್ ಮಾಡಿ, ಸ್ಪೆಕ್ಟ್ರೋಗ್ರಾಮ್ ತೆಗೆದು, ಯಾವ ಕಪ್ಪೆ ಅಂತ ಕೋಡ್ ಕೈಲಿ ಹೇಳಿಸೋದು. ಐಡಿಯಾ ನಂದೇ. ಸಿದ್ದಾಪುರದ ಹತ್ರ ಅಜ್ಜಿ ಮನೆ ಇದೆ, ಊಟ ಫ್ರೀ!

ಚೌತಿ ರಜೆಯಲ್ಲಿ ಹೋದೆ. ಜಗಲಿ ಮೇಲೆ ಕೂತು ರಿಸರ್ಚ್ ಪೇಪರ್ ಓದ್ತಾ, "ಅಜ್ಜಿ, ನಿಮ್ಮೂರ ಕಡೆ ನಿಕ್ಟಿಬಟ್ರಾಕಸ್ ಕಮ್‌ಬೇರಾ ಅಂತ ಒಂದು ಕಪ್ಪೆ ಇದೆಯಂತೆ" ಅಂದೆ. ಪಕ್ಕಾ ಲ್ಯಾಟಿನ್ ಗತ್ತಿನಲ್ಲಿ.

"ಎಂತ ಮಾಡ್ತಡ ಅದು?"

ಹೇಳಿದೆ. ಹಳ್ಳದ ನೀರಿನ ಮೇಲೆ ಚಾಚಿಕೊಂಡ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತೆ. ಆಮೇಲೆ ಗಂಡು ಕಪ್ಪೆ ತಳದಿಂದ ಕೆಸರು ತೆಗೆದು, ಮುಂಗೈಯಿಂದ ಮೊಟ್ಟೆಗಳ ಮೇಲೆ ಮೆತ್ತುತ್ತೆ. ಮೊಟ್ಟೆ ಒಣಗಬಾರದು, ಬೇರೆ ಪ್ರಾಣಿ ಕಣ್ಣಿಗೆ ಬೀಳಬಾರದು ಅಂತ ಇರಬಹುದು ಅನ್ನೋದು ವಿಜ್ಞಾನಿಗಳ ಊಹೆ.

ಅಜ್ಜಿ ಅಡಿಕೆ ಕತ್ತರಿಸೋದು ನಿಲ್ಲಿಸಲೇ ಇಲ್ಲ. "ಹಂಗಾರೆ ಅದು ಕುಂಬಾರ ಅಲ್ದನೋ ತಮಾ?"

ಸ್ಕ್ರೋಲ್ ಮಾಡಿದೆ. ಹೆಸರಿನ ಮೂಲ: ಮಡಕೆ ಮಾಡುವವರಿಗೆ ಕನ್ನಡದಲ್ಲಿ ಹೇಳೋ ಪದ. ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಇದನ್ನು ಹೊಸ ಪ್ರಭೇದ ಅಂತ ವಿವರಿಸುವಾಗ ನಮ್ಮ ಪದವನ್ನೇ ಇಟ್ಟಿದ್ದಾರೆ. ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ನೋಡಿದ ತಕ್ಷಣ ನನ್ನ ನಾಲಿಗೆಗೆ ಫಾರಿನ್ ಆಗಿಬಿಡ್ತು. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂ ಫೀಸ್ ಕಟ್ಟಿದ ಅಪ್ಪನಿಗೆ ಇದನ್ನ ಇನ್ನೂ ಹೇಳಿಲ್ಲ.

ಆ ಕಪ್ಪೆ ಸಿಕ್ಕಿದ ಕತ್ತಲೆಕಾನು ಇದೇ ತಾಲೂಕಿನದು. ಹೆಸರೇ ಹೇಳುತ್ತಲ್ಲ, ಕತ್ತಲೆ ಕಾಡು ಅಂತ. ನಿಕ್ಟಿಬಟ್ರಾಕಸ್ ಅಂದ್ರೂ ಇರುಳುಗಪ್ಪೆ ಅಂತಲೇ ಅರ್ಥ. ಇದು ಗ್ರೀಕ್, ಆದರೆ ಇದನ್ನ ಮಾತ್ರ ನಾನು ಸರಿಯಾಗಿ ಓದಿದ್ದೆ!

ಪ್ರಾಜೆಕ್ಟ್ ಕಥೆ ಕೇಳಬೇಡಿ. ಹನ್ನೊಂದು ಫೈಲಿನಲ್ಲಿ ಏಳಕ್ಕೆ ಮಳೆ ಸದ್ದೇ ಜಾಸ್ತಿ. ಉಳಿದ ನಾಲ್ಕಕ್ಕೂ ಕೋಡ್ ಒಂದೇ ಹೆಸರು ಕೊಡ್ತು. ಅದೇ ನಾಲ್ಕನ್ನ ಇಯರ್‌ಫೋನಿನಲ್ಲಿ ಕೇಳಿದ ಅಜ್ಜಿ, "ಇದು ಬಾವಿಕಟ್ಟೇದು, ಇವೆರಡು ತೋಟದ್ದು, ಇದು ಗದ್ದೇದು" ಅಂತ ಬೇರೆ ಮಾಡಿದಳು. ನಾನು ರೆಕಾರ್ಡ್ ಮಾಡಿದ ಜಾಗಗಳು ಅವೇ. ಲೇಬಲ್ ಕಾಲಮ್ಮಿನಲ್ಲಿ ಹಾಗೇ ಟೈಪ್ ಮಾಡಿದೆ. ವೈವಾದಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು.

ಕುಂಬಾರನ ಕೂಗು ಮಾತ್ರ ಒಂದರಲ್ಲೂ ಇಲ್ಲ. ಅದಕ್ಕೆ ಮನೆ ಅಂಗಳ ಸಾಲದು, ರಾತ್ರಿ ಕಾಡಿನ ಹಳ್ಳದ ಹತ್ರ ಹೋಗಬೇಕು. ಜೂನಿನಲ್ಲಿ ಮತ್ತೆ ಹೊರಟಿದ್ದೀನಿ, ಈ ಸಲ ಅಲ್ಲಿನ ದಾರಿ ಗೊತ್ತಿರೋ ಮಾವನ ಜೊತೆ. ಟಾರ್ಚಿಗೆ ಹೊಸ ಸೆಲ್ ತರೋಕೆ ಅಜ್ಜಿ ಈಗಲೇ ಹೇಳಿದ್ದಾಳೆ.