ಮೈಕ್ ಮುಂದೆ ಬಂದ್ರೆ ಏನು ಹೇಳ್ತೀರ?

ನಮ್ಮ ಕೋಲಾರದ ಕಡೆ ಟಿವಿ ಕ್ಯಾಮೆರಾ ಹೆಚ್ಚಾಗಿ ಬರೋದು ಎರಡು ಸಲ. ಟೊಮೆಟೊ ಬೆಲೆ ಆಕಾಶಕ್ಕೇರಿದಾಗ, ಇಲ್ಲಾ ಬೆಲೆ ಇಲ್ಲದೆ ರೈತರು ಅದನ್ನ ರಸ್ತೆಗೆ ಸುರಿದಾಗ. ಮಧ್ಯದ ದಿನಗಳು ಯಾರಿಗೂ ಬೇಡ.

2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ನ್ಯಾಷನಲ್ ಚಾನೆಲ್‌ಗಳವರೂ ಬಂದಿದ್ರು. ಶ್ರೀನಿವಾಸಪುರದ ಹತ್ತಿರ ಒಂದೂವರೆ ಎಕರೆಗೆ ಟೊಮೆಟೊ ಹಾಕಿದ್ದ ನಮ್ಮ ಮಾವನ ಮುಂದೆಯೂ ಒಂದು ಮೈಕ್ ಬಂತು. ಮಾವ ಹತ್ತು ನಿಮಿಷ ಮಾತಾಡಿದ್ರು. ಸಾವಿರ ಅಡಿ ದಾಟಿದ ಬೋರ್‌ವೆಲ್, ಕಡ್ಡಿ, ದಾರ, ಔಷಧಿ ಖರ್ಚು, ಬಿಂಗಿ ರೋಗಕ್ಕೆ ಹೋದ ಅರ್ಧ ತೋಟ, ಹಿಂದಿನ ಬೆಳೆಯ ಸಾಲ, ಎಲ್ಲ ಹೇಳಿದ್ರು. ಕೊನೆಗೆ, "ಈ ಸಲ ಬಾಕ್ಸ್‌ಗೆ ಎರಡು ಸಾವಿರ ಸಿಕ್ತು" ಅಂದ್ರು. ರಾತ್ರಿ ಟಿವಿಯಲ್ಲಿ ಬಂದಿದ್ದು ಆ ಕೊನೆಯ ಮಾತೊಂದೇ. ಕೆಳಗೆ "ಲಕ್ಷಾಧಿಪತಿ ರೈತ" ಅನ್ನೋ ಪಟ್ಟಿ.

ಕ್ಲಿಪ್ ಊರಿನ ಎಲ್ಲ ವಾಟ್ಸಾಪ್ ಗ್ರೂಪಿಗೂ ಹೋಯ್ತು. ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಮನೆ ಬಾಗಿಲಿಗೆ ಬಂದ್ರು. ಮುಂದಿನ ಬೆಳೆಯ ಡ್ರಿಪ್‌ಗೆ ಇಟ್ಟಿದ್ದ ದುಡ್ಡೂ ಸಾಲಕ್ಕೇ ಹೋಯ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಬಿತ್ತು. ಆಗ "ಹೇಗಿದ್ದೀಯಪ್ಪ" ಅಂತ ಕೇಳೋಕೆ ಯಾವ ಮೈಕೂ ಬರಲಿಲ್ಲ.

ಆ ಕ್ಲಿಪ್‌ನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನನ್ನನ್ನ ಕಾಡೋದು ಅದೇ. ಫೇಕ್ ನ್ಯೂಸ್ ಅಂದ್ರೆ ಎಡಿಟ್ ಮಾಡಿದ ಫೋಟೋ ಅಂದುಕೊಳ್ತೀವಿ. ನಿಜವನ್ನೇ ಎಲ್ಲಿ ಕತ್ತರಿಸಬೇಕೋ ಅಲ್ಲಿ ಕತ್ತರಿಸಿದ್ರೂ ಸಾಕು, ಚಿತ್ರ ಬದಲಾಗುತ್ತೆ. ಸಿಗ್ನಲ್ಸ್ ಕ್ಲಾಸಲ್ಲಿ ಇದನ್ನೇ ಅಲ್ವಾ ಓದೋದು? ಸಾಕಷ್ಟು ಸ್ಯಾಂಪಲ್ ತಗೊಳ್ಳದಿದ್ರೆ ಇಲ್ಲದ ಸಿಗ್ನಲ್ ಕಾಣುತ್ತೆ, ಏಲಿಯಾಸಿಂಗ್. ಜುಲೈನ ಒಂದು ದಿನದ ರೇಟು ನೋಡಿ ರೈತನ ವರ್ಷ ಲೆಕ್ಕ ಹಾಕಿದ್ರೆ ಆಗೋದೂ ಅದೇ.

ಅದಕ್ಕೇ ಈಗ ಯಾವ ಕ್ಲಿಪ್ ಬಂದ್ರೂ ಎರಡು ಪ್ರಶ್ನೆ ಕೇಳ್ಕೊಳ್ತೀನಿ. ಇದಕ್ಕೆ ಮುಂಚೆ ಇವರು ಏನು ಹೇಳಿರಬಹುದು? ಈ ಮಾತು ಯಾವ ದಿನದ್ದು?

ಇನ್ನು ನಾವೇ ಮಾತಾಡುವಾಗ? ಮಾವನ ಹತ್ತಿರ ಹೇಳೋಕೆ ವಿಷಯ ಬೇಕಾದಷ್ಟಿತ್ತು. ಆದ್ರೆ ಕತ್ತರಿಸೋಕೆ ಸುಲಭವಾದ ಮಾತು ಒಂದೇ ಇತ್ತು. ಈಗ ಅವರು ಖರ್ಚು, ರೇಟು ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳ್ತಾರೆ: "ಇಷ್ಟು ಹಾಕಿದೆ, ಇಷ್ಟು ಬಂತು." ಬಿಡಿಸೋಕೆ ಆಗದ ಹಾಗೆ. ಸೆಮಿನಾರ್‌ಗೂ, ಇಂಟರ್‌ವ್ಯೂಗೂ ಇದು ನಡೆಯುತ್ತೆ. ಮುಖ್ಯ ಮಾತನ್ನ ಮೊದಲೇ, ಚಿಕ್ಕದಾಗಿ, ಅದರ ಕಾರಣದ ಜೊತೆ ಹೇಳಿಬಿಡಿ. ಗೊತ್ತಿಲ್ಲದ್ದನ್ನ "ಗೊತ್ತಿಲ್ಲ" ಅನ್ನಿ. ಮನೆಯಲ್ಲಿ ಒಂದು ಸಲ ಫೋನಲ್ಲಿ ರೆಕಾರ್ಡ್ ಮಾಡಿ, ಹತ್ತೇ ಸೆಕೆಂಡ್ ಇಟ್ಟುಕೊಂಡು ಉಳಿದದ್ದು ಅಳಿಸಿ ಕೇಳಿ. ಅಷ್ಟರಲ್ಲಿ ನೀವು ನೀವಾಗಿಯೇ ಕೇಳಿಸ್ತೀರಾ ನೋಡಿ.

ನಮ್ಮ ಕಡೆಯವರಿಗೆ ಇನ್ನೊಂದು ಹಿಂಜರಿಕೆ ಇದೆ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಯಾವುದೂ "ಪ್ಯೂರ್" ಅಲ್ಲ ಅಂತ ಸ್ಟೇಜ್ ಹತ್ತೋಕೇ ಭಯ. ಆದ್ರೆ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರಲ್ಲಿ ಜ್ಞಾನಪೀಠ ಬಂದಿದ್ದು ಕನ್ನಡದ ಕಾದಂಬರಿಗೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಮ್ಯಾಟ್ರಿಕ್ ಪಾಸಾಗಿರಲಿಲ್ಲ. ನಮಗೆ ಅವರು ಕಗ್ಗದ ಕವಿ ಅಷ್ಟೇ. ಆದ್ರೆ ಅವರು ಪತ್ರಕರ್ತರೂ ಹೌದು. 1913ರಲ್ಲಿ "ಕರ್ನಾಟಕ" ಅನ್ನೋ ಇಂಗ್ಲಿಷ್ ಪತ್ರಿಕೆ ಶುರು ಮಾಡಿದ್ರು, "ವೃತ್ತಪತ್ರಿಕೆ" ಅಂತ ಪುಸ್ತಕವನ್ನೂ ಬರೆದ್ರು. ಸುದ್ದಿಯ ಬಗ್ಗೆ ಯೋಚಿಸೋದನ್ನ ನಮ್ಮ ಜಿಲ್ಲೆಗೆ ಹೊರಗಿನವರು ಬಂದು ಕಲಿಸಬೇಕಿಲ್ಲ.

ಮುಂದಿನ ಫೆಸ್ಟ್‌ನಲ್ಲಿ ಯಾರಾದ್ರೂ ರೀಲ್ ಮಾಡೋಕೆ ನಿಮ್ಮ ಮುಂದೆ ಮೈಕ್ ಹಿಡಿದ್ರೆ ಓಡಿಹೋಗಬೇಡಿ. ಎರಡು ಸೆಕೆಂಡ್ ಯೋಚಿಸಿ, ನಿಮಗೆ ಬರೋ ಕನ್ನಡದಲ್ಲೇ ಪೂರ್ತಿ ಮಾತು ಹೇಳಿ.